ಸಿಬಿಸಿ ರಿಪೋರ್ಟ್ ಕೈಗೆ ಬಂತಾ? ಬನ್ನಿ, ರಕ್ತವನ್ನು ಸಾಲು ಸಾಲಾಗಿ ಓದೋಣ

ಬೆಂಗಳೂರಿನಲ್ಲಿ ಮಳೆಗಾಲ ಶುರುವಾದರೆ ನಮ್ಮ ಲ್ಯಾಬಿನ ಫೋನು ಸುಮ್ಮನಿರುವುದಿಲ್ಲ. ಬೆಳಿಗ್ಗೆ ರಕ್ತ ಕೊಟ್ಟು ಹೋದವರಿಗೆ ಮಧ್ಯಾಹ್ನದ ಹೊತ್ತಿಗೆ ವಾಟ್ಸಾಪ್‌ನಲ್ಲಿ ಸಿಬಿಸಿ (ಕಂಪ್ಲೀಟ್ ಬ್ಲಡ್ ಕೌಂಟ್, ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆ) ರಿಪೋರ್ಟ್ ಹೋಗುತ್ತದೆ. ಹೋದ ಎರಡೇ ನಿಮಿಷಕ್ಕೆ ಫೋನ್. "ಸರ್, ಮೂರು ಕಡೆ ದಪ್ಪ ಅಕ್ಷರದಲ್ಲಿ ಬಂದಿದೆ, ಏನಾದ್ರೂ ಸೀರಿಯಸ್ಸಾ?" ಡಾಕ್ಟರ್ ಸಿಗುವುದು ಸಂಜೆ ಆರಕ್ಕೆ. ಅಲ್ಲಿಯವರೆಗೆ ಮನೆಯವರೆಲ್ಲ ಗೂಗಲ್ ಮಾಡಿ ಮಾಡಿ ಅರ್ಧ ಜೀವ ಆಗಿರುತ್ತಾರೆ.

ನಾನು ಡಾಕ್ಟರ್ ಅಲ್ಲ, ಲ್ಯಾಬ್ ಟೆಕ್ನಿಷಿಯನ್. ಹದಿನಾರು ವರ್ಷದಿಂದ ಇದೇ ಊರಿನಲ್ಲಿ ರಕ್ತ ತೆಗೆದು, ಮೆಷಿನ್‌ಗೆ ಹಾಕಿ, ಅನುಮಾನ ಬಂದರೆ ಗಾಜಿನ ಸ್ಲೈಡಿನ ಮೇಲೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡುವುದೇ ಕೆಲಸ. ಔಷಧಿ ಏನು ತಗೋಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಆ ಹಾಳೆಯಲ್ಲಿ ಇರುವ ಸಾಲುಗಳು ಏನು, ಪ್ರತಿ ಸಾಲಿನ ಹಿಂದೆ ರಕ್ತದಲ್ಲಿ ಯಾರು ಏನು ಕೆಲಸ ಮಾಡುತ್ತಿದ್ದಾರೆ ಅನ್ನುವುದನ್ನು ಖಂಡಿತ ಹೇಳಬಲ್ಲೆ. ಶುರುವಿನಲ್ಲೇ ಒಂದು ಮಾತು: ಒಂದೇ ಒಂದು ನಂಬರ್ ಹಿಡಿದುಕೊಂಡು ಹೆದರಬೇಡಿ. ಅದನ್ನು ಅಕ್ಕಪಕ್ಕದ ನಂಬರ್ ಜೊತೆ ನೋಡಬೇಕು, ನಿಮ್ಮದೇ ಹಳೇ ರಿಪೋರ್ಟ್ ಜೊತೆ ನೋಡಬೇಕು.

1. ರಕ್ತ ಕೊಡುವಾಗಲೇ ಸರಿಯಾಗಿ ಕೊಡಿ

ಬರೀ ಸಿಬಿಸಿಗೆ ಉಪವಾಸ ಬೇಕಾಗಿಲ್ಲ. ತಿಂಡಿ ತಿಂದು ಬನ್ನಿ. ಫಾಸ್ಟಿಂಗ್ ಶುಗರ್ ಇದ್ದರೆ ಕನಿಷ್ಠ 8 ಗಂಟೆ ಏನೂ ತಿನ್ನಬಾರದು, ಕಾಫಿಯನ್ನೂ ಕುಡಿಯಬಾರದು. ನೀರು ಮಾತ್ರ ಧಾರಾಳವಾಗಿ ಕುಡಿಯಿರಿ. ನೀರು ಕುಡಿಯದೆ ಬಂದವರ ನರ ಸಿಗುವುದೇ ಕಷ್ಟ, ಸೂಜಿ ಎರಡು ಸಲ ಚುಚ್ಚಿಸಿಕೊಳ್ಳಬೇಕಾಗುತ್ತದೆ. ಬಸ್ ಇಳಿದು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದಿದ್ದರೆ ಹತ್ತು ನಿಮಿಷ ಕುಳಿತುಕೊಳ್ಳಿ, ಓಡಿಬಂದ ತಕ್ಷಣ ಬಿಳಿ ಕಣಗಳ ಲೆಕ್ಕ ಸ್ವಲ್ಪ ಜಾಸ್ತಿ ಬರುತ್ತದೆ.

ತೋಳಿಗೆ ಕಟ್ಟುವ ಪಟ್ಟಿ ಒಂದು ನಿಮಿಷಕ್ಕಿಂತ ಜಾಸ್ತಿ ಬಿಗಿಯಾಗಿ ಇರಬಾರದು. ಮುಷ್ಟಿಯನ್ನು ಬಿಚ್ಚಿ ಮುಚ್ಚಿ ಮಾಡುತ್ತಲೇ ಇರುವುದೂ ಬೇಡ, ಪೊಟ್ಯಾಸಿಯಂ ಸುಳ್ಳು ಸುಳ್ಳೇ ಏರುತ್ತದೆ.

ಕೊಳವೆಗಳ ಮುಚ್ಚಳದ ಬಣ್ಣ ಗಮನಿಸಿದ್ದೀರಾ? ಸಿಬಿಸಿಗೆ ನೇರಳೆ. ಅದರಲ್ಲಿ ಇಡಿಟಿಎ ಅನ್ನುವ ವಸ್ತು ಇರುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಕ್ಯಾಲ್ಸಿಯಂ ಅನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ರಕ್ತ ದ್ರವವಾಗಿಯೇ ಉಳಿಯುತ್ತದೆ. ತೆಗೆದ ತಕ್ಷಣ ನಾವು ಕೊಳವೆಯನ್ನು ನಿಧಾನವಾಗಿ ಎಂಟು ಹತ್ತು ಸಲ ಮೇಲೆ ಕೆಳಗೆ ಮಾಡುವುದು ಇದಕ್ಕೇ. ಶುಗರ್‌ಗೆ ಬೂದು ಬಣ್ಣದ ಮುಚ್ಚಳ. ಇದರ ಕಾರಣ ನನಗೆ ಇವತ್ತಿಗೂ ಇಷ್ಟ: ಮೈಯಿಂದ ಹೊರಗೆ ಬಂದ ಮೇಲೂ ರಕ್ತಕಣಗಳು ಬದುಕಿರುತ್ತವೆ, ಕೊಳವೆಯಲ್ಲಿ ಕೂತು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಗಂಟೆಗೆ ಶೇಕಡಾ 5ರಿಂದ 7ರಷ್ಟು ಸಕ್ಕರೆ ಹಾಗೇ ಖಾಲಿಯಾಗುತ್ತದೆ. ಬೂದು ಕೊಳವೆಯಲ್ಲಿರುವ ಫ್ಲೋರೈಡ್ ಆ ಊಟವನ್ನು ನಿಲ್ಲಿಸುತ್ತದೆ.

ಇನ್ನೊಂದು. "ಇಷ್ಟು ಕಪ್ಪಗಿದೆಯಲ್ಲಾ, ಕೆಟ್ಟ ರಕ್ತನಾ?" ಅಂತ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಅಲ್ಲ. ನಾವು ತೆಗೆಯುವುದು ಹೃದಯಕ್ಕೆ ವಾಪಸ್ ಹೋಗುತ್ತಿರುವ ರಕ್ತ. ಅದು ತನ್ನ ಆಮ್ಲಜನಕವನ್ನು ಆಗಲೇ ಮೈಗೆ ಹಂಚಿ ಬಂದಿರುತ್ತದೆ, ಅದಕ್ಕೇ ಗಾಢ ಬಣ್ಣ. ಎಲ್ಲರದೂ ಹಾಗೇ.

2. ಕೊಳವೆಯನ್ನು ಒಮ್ಮೆ ಕಣ್ಣಿನಿಂದ ನೋಡಿ

ರಿಪೋರ್ಟ್ ಓದುವ ಮುಂಚೆ ಈ ಚಿತ್ರ ತಲೆಯಲ್ಲಿ ಇರಲಿ. ನೇರಳೆ ಮುಚ್ಚಳದ ಕೊಳವೆಯನ್ನು ಸ್ಟ್ಯಾಂಡಿನಲ್ಲಿ ಅಲುಗಾಡಿಸದೆ ಇಟ್ಟರೆ, ಒಂದೆರಡು ಗಂಟೆಯಲ್ಲಿ ರಕ್ತ ತಾನಾಗಿಯೇ ಬೇರೆಯಾಗಲು ಶುರುವಾಗುತ್ತದೆ. ಮೆಷಿನ್‌ನಲ್ಲಿಟ್ಟು ಜೋರಾಗಿ ತಿರುಗಿಸಿದರೆ ಹತ್ತೇ ನಿಮಿಷ ಸಾಕು. ಕೆಳಗೆ ದಟ್ಟ ಕೆಂಪು. ಮೇಲೆ ಒಣಹುಲ್ಲಿನ ಬಣ್ಣದ, ಬೆಳಕು ಹಾಯುವ ತಿಳಿ. ಇವೆರಡರ ನಡುವೆ ಉಗುರಿನ ಅಂಚಿನಷ್ಟು ತೆಳ್ಳಗೆ, ಹಾಲಿನ ಕೆನೆಯಂಥ ಒಂದು ಬಿಳಿ ಗೆರೆ.

ಮೇಲಿನ ತಿಳಿಯೇ ಪ್ಲಾಸ್ಮಾ, ಒಟ್ಟು ರಕ್ತದ ಶೇಕಡಾ 55ರಷ್ಟು. ಕೆಳಗಿನ ಕೆಂಪು ಭಾಗ ಕೆಂಪು ರಕ್ತಕಣಗಳು, ಸುಮಾರು 45ರಷ್ಟು. ನಡುವಿನ ಆ ಗೆರೆ ಇದೆಯಲ್ಲ, ಶೇಕಡಾ ಒಂದೂ ಇಲ್ಲದ್ದು, ಅದರಲ್ಲೇ ಬಿಳಿ ರಕ್ತಕಣಗಳೂ ಪ್ಲೇಟ್‌ಲೆಟ್‌ಗಳೂ ಇರುವುದು. ನಿಮ್ಮನ್ನು ಸೋಂಕಿನಿಂದ ಕಾಯುವವರು, ಗಾಯ ಮುಚ್ಚುವವರು ಎಲ್ಲರೂ ಅಷ್ಟೇ ಜಾಗದಲ್ಲಿ. ಮೊದಲ ಸಲ ಅದನ್ನು ನೋಡಿದಾಗ ನನಗೆ ನಂಬಲಿಕ್ಕೇ ಆಗಿರಲಿಲ್ಲ.

ದೊಡ್ಡವರ ಮೈಯಲ್ಲಿ ಒಟ್ಟು ಸುಮಾರು 5 ಲೀಟರ್ ರಕ್ತ ಇರುತ್ತದೆ. ಸುಮ್ಮನೆ ಕುಳಿತಿದ್ದಾಗ ಹೃದಯ ನಿಮಿಷಕ್ಕೆ ತಳ್ಳುವುದೂ ಹತ್ತಿರಹತ್ತಿರ ಅಷ್ಟೇ. ಅಂದರೆ ಒಂದು ನಿಮಿಷಕ್ಕೆ ನಿಮ್ಮ ಅಷ್ಟೂ ರಕ್ತ ಒಂದು ಸುತ್ತು ಹೊಡೆದು ಬರುತ್ತದೆ.

3. ಈಗ ಕೆಂಪು ಸಾಲುಗಳು: ಎಚ್‌ಬಿ, ಆರ್‌ಬಿಸಿ, ಪಿಸಿವಿ, ಎಂಸಿವಿ

ಎಲ್ಲರೂ ಮೊದಲು ನೋಡುವುದು ಹಿಮೋಗ್ಲೋಬಿನ್, ಅಂದರೆ ಎಚ್‌ಬಿ. ನೋಡಬೇಕಾದದ್ದೇ. ಗಂಡಸರಿಗೆ 13ಕ್ಕಿಂತ ಕೆಳಗೆ, ಹೆಂಗಸರಿಗೆ 12ಕ್ಕಿಂತ ಕೆಳಗೆ ಹೋದರೆ ರಕ್ತಹೀನತೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಗುರುತಿಸುತ್ತದೆ. ಗರ್ಭಿಣಿಯರಿಗೆ ಮೊದಲ ಮೂರು ತಿಂಗಳಲ್ಲಿ ಈ ಗೆರೆ 11. ಮಕ್ಕಳಿಗೆ ವಯಸ್ಸಿನ ಪ್ರಕಾರ ಬೇರೆ ಬೇರೆ ಇರುತ್ತದೆ, ದೊಡ್ಡವರ ಲೆಕ್ಕ ಹಾಕಬೇಡಿ.

ಕೆಂಪು ಕಣ ಮೈಕ್ರೋಸ್ಕೋಪಿನಲ್ಲಿ ಹೇಗೆ ಕಾಣುತ್ತದೆ ಗೊತ್ತಾ? ಉದ್ದಿನ ವಡೆ ಮಾಡುವಾಗ ನಡುವೆ ಬೆರಳಿನಿಂದ ಒತ್ತಿ, ಆದರೆ ತೂತು ಪೂರ್ತಿ ಆಗದೆ ಎರಡೂ ಕಡೆ ಗುಳಿ ಬಿದ್ದ ಹಾಗೆ. ನಡುಭಾಗ ತೆಳು, ಅಲ್ಲಿ ಬಣ್ಣವೂ ತಿಳಿ. ಅದರೊಳಗೆ ನ್ಯೂಕ್ಲಿಯಸ್ ಇಲ್ಲ, ಇದ್ದದ್ದನ್ನು ಮೂಳೆ ಮಜ್ಜೆಯಲ್ಲಿ ಬೆಳೆಯುವಾಗಲೇ ಹೊರಗೆ ಹಾಕಿಬಿಟ್ಟಿರುತ್ತದೆ. ಇರುವ ಜಾಗವನ್ನೆಲ್ಲ ಹಿಮೋಗ್ಲೋಬಿನ್ ತುಂಬಿಕೊಂಡಿರುತ್ತದೆ. ಒಂದೊಂದು ಹಿಮೋಗ್ಲೋಬಿನ್ ಅಣುವಿನಲ್ಲೂ ನಾಲ್ಕು ಕಬ್ಬಿಣದ ಪರಮಾಣು, ಒಂದೊಂದಕ್ಕೂ ಒಂದೊಂದು ಆಮ್ಲಜನಕ ಅಂಟಿಕೊಳ್ಳುತ್ತದೆ. ಶ್ವಾಸಕೋಶದಲ್ಲಿ ಹಿಡಿದುಕೊಂಡು, ಕಾಲಿನ ಹೆಬ್ಬೆರಳಿನ ತುದಿಯಲ್ಲಿ ಬಿಡುತ್ತದೆ.

ಒಂದು ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಆಮೇಲೆ ಗುಲ್ಮ ಮತ್ತು ಲಿವರ್‌ನಲ್ಲಿ ಅದನ್ನು ಒಡೆದು ಕಬ್ಬಿಣವನ್ನು ವಾಪಸ್ ತೆಗೆದುಕೊಳ್ಳುತ್ತದೆ ಮೈ. ಉಳಿದ ಬಣ್ಣದ ಭಾಗ ಬಿಲಿರುಬಿನ್ ಆಗಿ ಪಿತ್ತರಸಕ್ಕೆ ಹೋಗುತ್ತದೆ. ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವುದು ಇದೇ ಬಣ್ಣದಿಂದ. ಹಳಬರು ಹೋದ ಜಾಗಕ್ಕೆ ಮೂಳೆ ಮಜ್ಜೆ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಜಾಸ್ತಿ ಹೊಸ ಕೆಂಪು ಕಣಗಳನ್ನು ಕಳಿಸುತ್ತದೆ. ಈ ಕೆಲಸಕ್ಕೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು, ಅದರಲ್ಲಿ ಊಟದಿಂದ ಬರುವುದು ಬರೀ ಒಂದೆರಡು ಮಿಲಿಗ್ರಾಂ. ಉಳಿದದ್ದೆಲ್ಲ ಹಳೇ ಕಣಗಳಿಂದ ಬಂದ ಕಬ್ಬಿಣವೇ. ಅದಕ್ಕೇ ರಕ್ತ ಹೊರಗೆ ಹೋಗುತ್ತಿದ್ದರೆ, ತಿಂಗಳ ಮುಟ್ಟಿನಲ್ಲಿ ವಿಪರೀತ ಹೋಗಲಿ, ಮೂಲವ್ಯಾಧಿಯಲ್ಲಿ ಹೋಗಲಿ, ಎಷ್ಟು ಸೊಪ್ಪು ತಿಂದರೂ ಎಚ್‌ಬಿ ಏರುವುದಿಲ್ಲ.

ಸರಿ, ನಂಬರ್‌ಗೆ ಬರೋಣ. ಎಚ್‌ಬಿಯನ್ನು ಮೂರರಿಂದ ಗುಣಿಸಿ. ಹೆಚ್ಚುಕಮ್ಮಿ ಪಿಸಿವಿ ಬರಬೇಕು. ಎಚ್‌ಬಿ 12 ಇದ್ದರೆ ಪಿಸಿವಿ 36ರ ಆಸುಪಾಸು. ಪಿಸಿವಿ ಅಂದರೆ ಆ ಕೊಳವೆಯಲ್ಲಿ ಕೆಳಗಿನ ಕೆಂಪು ಭಾಗ ಎಷ್ಟು ಎತ್ತರ ಇದೆ ಅನ್ನುವ ಲೆಕ್ಕ. ಕೆಲವು ರಿಪೋರ್ಟಿನಲ್ಲಿ ಹೆಮಟೋಕ್ರಿಟ್ ಅಂತ ಬರೆದಿರುತ್ತಾರೆ, ಎರಡೂ ಒಂದೇ. ಇದು ನೆನಪಿರಲಿ, ಡೆಂಗ್ಯೂ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಎಚ್‌ಬಿ ಕಮ್ಮಿ ಬಂದಿದ್ದರೆ ತಕ್ಷಣ ಕಣ್ಣು ಹೋಗಬೇಕಾದದ್ದು ಎಂಸಿವಿ ಸಾಲಿಗೆ. ಒಂದು ಕೆಂಪು ಕಣ ಸರಾಸರಿ ಎಷ್ಟು ದಪ್ಪ ಇದೆ ಅಂತ ಅದು ಹೇಳುತ್ತದೆ. 80ರಿಂದ 100ರೊಳಗೆ ಇರಬೇಕು.

80ಕ್ಕಿಂತ ಕೆಳಗಿದ್ದರೆ ಕಣಗಳು ಚಿಕ್ಕವು. ಕಬ್ಬಿಣ ಸಾಲದೆ ಇದ್ದಾಗ ಹೀಗಾಗುತ್ತದೆ, ಸ್ಲೈಡಿನಲ್ಲಿ ವಡೆಯ ನಡುವಿನ ಬಿಳಿ ಗುಳಿ ಅಗಲವಾಗಿ, ಬರೀ ಅಂಚಿನಲ್ಲಿ ಕೆಂಪು ಉಳಿದಿರುತ್ತದೆ. 100ಕ್ಕಿಂತ ಮೇಲಿದ್ದರೆ ಕಣಗಳು ದಪ್ಪ. ಅಲ್ಲಿ ಬಿ12 ಅಥವಾ ಫೋಲಿಕ್ ಆಸಿಡ್ ಕೊರತೆಯ ಅನುಮಾನ. ಬಿ12 ಗಿಡಮೂಲದ ಊಟದಲ್ಲಿ ಸಿಗುವುದಿಲ್ಲ ಅಂತಲೇ ಅಂದುಕೊಳ್ಳಿ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸ, ಇವುಗಳಿಂದಲೇ ಬರಬೇಕು. ಪೂರ್ತಿ ಸಸ್ಯಾಹಾರಿ ಮನೆಗಳಲ್ಲಿ, ಅದರಲ್ಲೂ ಹಾಲು ಮೊಸರು ಬಿಟ್ಟ ವಯಸ್ಸಾದವರಲ್ಲಿ, ಕಾಲು ಜುಮ್ಮೆನ್ನುವುದು, ಮರೆವು, ಸುಸ್ತು ಇದ್ದರೆ ಇದನ್ನು ಡಾಕ್ಟರ್ ಹತ್ತಿರ ಬಾಯಿಬಿಟ್ಟು ಕೇಳಿ.

ಇನ್ನೊಂದು ಮುಖ್ಯ ವಿಷಯ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಎಂಸಿವಿ ಕಮ್ಮಿ ಇದ್ದು, ಆರ್‌ಬಿಸಿ, ಅಂದರೆ ಕೆಂಪು ಕಣಗಳ ಲೆಕ್ಕ ಮಾತ್ರ ಚೆನ್ನಾಗಿ ಇದ್ದರೆ, ಎಂಸಿವಿಯನ್ನು ಆರ್‌ಬಿಸಿಯಿಂದ ಭಾಗಿಸಿ ನೋಡಿ. ಉದಾಹರಣೆಗೆ ಎಂಸಿವಿ 64, ಆರ್‌ಬಿಸಿ 5.8 ಇದ್ದರೆ ಉತ್ತರ 11. 13ಕ್ಕಿಂತ ಕಮ್ಮಿ ಬಂದರೆ ಅದು ಬರೀ ಕಬ್ಬಿಣದ ಕೊರತೆ ಅಲ್ಲದೆ ತಲಸೇಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ಹುಟ್ಟಿನಿಂದಲೇ ಬರುವ ಕಾಯಿಲೆ) ಕ್ಯಾರಿಯರ್ ಇರಬಹುದು ಅನ್ನುವ ಸುಳಿವು. ಸುಳಿವು ಅಷ್ಟೇ, ತೀರ್ಪು ಅಲ್ಲ. ಖಚಿತ ಮಾಡಲು ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ ಪರೀಕ್ಷೆ ಇದೆ. ಕ್ಯಾರಿಯರ್ ಆದವರಿಗೆ ಸಾಮಾನ್ಯವಾಗಿ ಏನೂ ತೊಂದರೆ ಇರುವುದಿಲ್ಲ, ವರ್ಷಗಟ್ಟಲೆ ಐರನ್ ಮಾತ್ರೆ ನುಂಗಿದರೂ ನಂಬರ್ ಕದಲುವುದಿಲ್ಲ ಅಷ್ಟೇ. ಆದರೆ ಗಂಡ ಹೆಂಡತಿ ಇಬ್ಬರೂ ಕ್ಯಾರಿಯರ್ ಆಗಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ತಲಸೇಮಿಯಾ ಮೇಜರ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು, ಜೀವನಪೂರ್ತಿ. ಮದುವೆಗೆ ಜಾತಕ ನೋಡುವ ಮನೆಗಳಲ್ಲಿ ಈ ಒಂದು ಪರೀಕ್ಷೆಯನ್ನೂ ನೋಡಿದರೆ ಎಷ್ಟು ಚೆನ್ನ ಅಂತ ನನಗೆ ಪ್ರತಿ ಸಲ ಅನಿಸುತ್ತದೆ.

ಕಬ್ಬಿಣದ ಕೊರತೆಯೇ ಅಂತ ಆದರೆ, ಮನೆಯಲ್ಲಿ ಮಾಡಬಹುದಾದದ್ದು ಒಂದಿದೆ. ಊಟವಾದ ತಕ್ಷಣ ಕಾಫಿ ಟೀ ಕುಡಿಯಬೇಡಿ. ಬೆಂಗಳೂರಿನವರಿಗೆ ಇದು ಕಷ್ಟದ ಮಾತು ಅಂತ ಗೊತ್ತು, ದರ್ಶಿನಿಯಲ್ಲಿ ಇಡ್ಲಿ ವಡೆ ತಿಂದು ಕೈ ತೊಳೆಯುವ ಮುಂಚೆಯೇ ಫಿಲ್ಟರ್ ಕಾಫಿ ಟೋಕನ್ ಕೊಟ್ಟಿರುತ್ತೇವೆ. ಆದರೆ ಕಾಫಿ ಟೀಯಲ್ಲಿರುವ ಅಂಶಗಳು ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣವನ್ನು ಕರುಳು ಹೀರದ ಹಾಗೆ ತಡೆಯುತ್ತವೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಬಸ್ಸಾರು, ಮಸ್ಸೊಪ್ಪಿನ ಜೊತೆ ಒಂದು ಹೋಳು ನಿಂಬೆಹಣ್ಣು ಹಿಂಡಿಕೊಳ್ಳಿ, ಅದರ ವಿಟಮಿನ್ ಸಿ ಕಬ್ಬಿಣ ಹೀರಲು ಸಹಾಯ ಮಾಡುತ್ತದೆ. ಡಾಕ್ಟರ್ ಕೊಟ್ಟ ಐರನ್ ಮಾತ್ರೆಯನ್ನು ಹಾಲಿನ ಜೊತೆ ನುಂಗಬೇಡಿ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಮಾತ್ರೆಯಿಂದ.

ಗಂಡಸರಿಗೋ ಮುಟ್ಟು ನಿಂತ ಹೆಂಗಸರಿಗೋ ಕಬ್ಬಿಣ ಕಮ್ಮಿ ಅಂತ ಬಂದರೆ ಮಾತ್ರ ಬರೀ ಮಾತ್ರೆ ತಗೊಂಡು ಸುಮ್ಮನಾಗಬೇಡಿ. ರಕ್ತ ಎಲ್ಲಿಂದಲೋ ಸೋರುತ್ತಿರಬಹುದು, ಹೊಟ್ಟೆಯಿಂದಲೋ ಕರುಳಿನಿಂದಲೋ. ಅದನ್ನು ಹುಡುಕಿಸಲೇಬೇಕು.

4. ಬಿಳಿ ಕಣಗಳು: ಒಟ್ಟು ಲೆಕ್ಕ ಮೊದಲು, ಶೇಕಡಾ ಆಮೇಲೆ

ಒಂದು ಮೈಕ್ರೋಲೀಟರ್ ರಕ್ತದಲ್ಲಿ 4,000ದಿಂದ 11,000 ಇದ್ದರೆ ಸರಿ. ಇವರಲ್ಲಿ ಐದು ಬಗೆ.

ನ್ಯೂಟ್ರೋಫಿಲ್‌ಗಳು ಜಾಸ್ತಿ ಸಂಖ್ಯೆಯವು, ಬ್ಯಾಕ್ಟೀರಿಯಾ ಬಂದರೆ ಮೊದಲು ಓಡಿಬರುವವು. ಗಾಯದಲ್ಲಿ ಕೀವು ನೋಡಿದ್ದೀರಲ್ಲ, ಅದರಲ್ಲಿ ಬಹುಪಾಲು ಹೋರಾಡಿ ಸತ್ತ ನ್ಯೂಟ್ರೋಫಿಲ್‌ಗಳೇ. ಲಿಂಫೋಸೈಟ್‌ಗಳು ನೆನಪಿಟ್ಟುಕೊಳ್ಳುವವು: ಒಮ್ಮೆ ಬಂದ ರೋಗಾಣುವಿನ ಗುರುತು ಹಿಡಿದು ಇಟ್ಟುಕೊಳ್ಳುತ್ತವೆ, ಲಸಿಕೆ ಕೆಲಸ ಮಾಡುವುದೇ ಇವುಗಳಿಂದ. ಮೋನೋಸೈಟ್‌ಗಳು ರಕ್ತದಿಂದ ಅಂಗಾಂಶಕ್ಕೆ ಇಳಿದು, ಅಲ್ಲಿ ದೊಡ್ಡದಾಗಿ ಬೆಳೆದು ಸತ್ತದ್ದನ್ನೆಲ್ಲ ನುಂಗಿ ಜಾಗ ಶುಚಿ ಮಾಡುತ್ತವೆ. ಬೇಸೋಫಿಲ್ ತೀರಾ ಕಮ್ಮಿ, ಸೊನ್ನೆ ಅಂತ ಬಂದರೂ ಚಿಂತೆಯಿಲ್ಲ.

ಇಯೋಸಿನೋಫಿಲ್ ಬಗ್ಗೆ ನಮ್ಮೂರಿನವರು ಸ್ವಲ್ಪ ತಿಳಿದುಕೊಂಡಿರಬೇಕು. ಅಲರ್ಜಿ ಇದ್ದಾಗ, ಹೊಟ್ಟೆಯಲ್ಲಿ ಹುಳ ಇದ್ದಾಗ ಇವು ಏರುತ್ತವೆ. ಸ್ಲೈಡಿನಲ್ಲಿ ಇವು ಚಂದ ಕಾಣುತ್ತವೆ, ಒಳಗೆಲ್ಲ ಕಿತ್ತಳೆ ಬಣ್ಣದ ದಪ್ಪ ಕಾಳು ಕಾಳು. ಖಾಲಿ ಸೈಟಿನ ಕಾಂಗ್ರೆಸ್ ಗಿಡದ ಪರಾಗ, ರಸ್ತೆ ಅಗೆದ ಧೂಳು, ಮನೆ ಪಕ್ಕದ ಪಾರಿವಾಳದ ಪುಕ್ಕ, ಇವು ಸೇರಿ ಎಷ್ಟೋ ಜನ ಸೀನುತ್ತಾ ನೆವೆ ಕೆರೆಯುತ್ತಾ ಬರುತ್ತಾರೆ. ರಿಪೋರ್ಟ್ ನೋಡಿದರೆ ಇಯೋಸಿನೋಫಿಲ್ 9, 10. ಸೀನು, ಉಬ್ಬಸದ ಜೊತೆಗೆ ಬಂದಿದ್ದರೆ ಅದಕ್ಕೆ ಅರ್ಥ ಇದೆ, ಡಾಕ್ಟರಿಗೆ ಹೇಳಿ.

ಶೇಕಡಾ ನೋಡಿ ಮೋಸ ಹೋಗಬೇಡಿ. ಲಿಂಫೋಸೈಟ್ ಶೇಕಡಾ 50 ಅಂತ ದಪ್ಪ ಅಕ್ಷರದಲ್ಲಿ ಬಂದಿರುತ್ತದೆ, ಆದರೆ ಒಟ್ಟು ಬಿಳಿ ಕಣ 4,000 ಇದ್ದರೆ ಲಿಂಫೋಸೈಟ್ ಇರುವುದು 2,000, ಅದು ಸರಿಯಾದ ಲೆಕ್ಕವೇ. ಕಮ್ಮಿಯಾಗಿರುವುದು ಇನ್ನೊಂದು ಕಣ. ರಿಪೋರ್ಟಿನಲ್ಲಿ ಕೆಳಗೆ 'ಅಬ್ಸಲ್ಯೂಟ್' ಅಂತ ಬೇರೆ ಸಾಲುಗಳು ಇರುತ್ತವೆ, ಅವನ್ನೇ ನೋಡಿ.

ಇಎಸ್‌ಆರ್ ಬಗ್ಗೆ ಎರಡೇ ಮಾತು. ಒಂದು ಗಂಟೆಯಲ್ಲಿ ಕೆಂಪು ಕಣಗಳು ಕೊಳವೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗೆ ಇಳಿದವು ಅನ್ನುವುದು ಅದು. ಮೈಯಲ್ಲಿ ಎಲ್ಲೋ ಉರಿಯೂತ ಇದೆ ಅನ್ನುತ್ತದೆ, ಎಲ್ಲಿ ಅಂತ ಹೇಳುವುದಿಲ್ಲ. ವಯಸ್ಸಾದರೂ, ರಕ್ತಹೀನತೆ ಇದ್ದರೂ, ಬಸುರಿಯಾಗಿದ್ದರೂ ಏರುತ್ತದೆ.

5. ಪ್ಲೇಟ್‌ಲೆಟ್: ಎಲ್ಲರೂ ಹೆದರುವ ಸಾಲು

ಇವು ಪೂರ್ತಿ ಜೀವಕೋಶಗಳಲ್ಲ, ಚೂರುಗಳು. ಮೂಳೆ ಮಜ್ಜೆಯಲ್ಲಿ ಮೆಗಾಕ್ಯಾರಿಯೋಸೈಟ್ ಅನ್ನುವ ದೈತ್ಯ ಕೋಶದಿಂದ ಕಿತ್ತು ಬಂದವು. ಆಯಸ್ಸು 7ರಿಂದ 10 ದಿನ. ರಕ್ತನಾಳ ಎಲ್ಲಾದರೂ ಸೀಳಿದರೆ ಅಲ್ಲಿಗೆ ಅಂಟಿಕೊಂಡು, ಒಂದರ ಮೇಲೊಂದು ಬಿದ್ದು ಮೊದಲ ಮುಚ್ಚಳ ಹಾಕುತ್ತವೆ. ಆಮೇಲೆ ಪ್ಲಾಸ್ಮಾದಲ್ಲಿರುವ ಫೈಬ್ರಿನೋಜನ್ ದಾರವಾಗಿ ಹೆಣೆದು ಅದನ್ನು ಗಟ್ಟಿ ಮಾಡುತ್ತದೆ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಎರಡು ಮೂರು ನಿಮಿಷದಲ್ಲಿ ರಕ್ತ ನಿಲ್ಲುತ್ತದಲ್ಲ, ಇವುಗಳ ಕೆಲಸ ಅದು.

ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷ.

ಡೆಂಗ್ಯೂ ಬಂದಾಗ ಇಡೀ ಮನೆ ಈ ಒಂದು ನಂಬರ್ ಹಿಂದೆ ಬೀಳುತ್ತದೆ. ನಮ್ಮ ಅಮ್ಮನಿಗೇ ಡೆಂಗ್ಯೂ ಬಂದಾಗ ನಾನೂ ಹಾಗೇ ಬಿದ್ದಿದ್ದೆ, ಇಷ್ಟು ವರ್ಷ ಇದೇ ಕೆಲಸ ಮಾಡಿದವನು. ಬೆಳಿಗ್ಗೆ 90 ಸಾವಿರ, ಸಂಜೆ 62 ಸಾವಿರ, ಮಾರನೇ ದಿನ 41. ನಿದ್ದೆಯೇ ಇಲ್ಲ. ನೋಡುತ್ತಿದ್ದ ಡಾಕ್ಟರ್ ಮಾತ್ರ ಪ್ಲೇಟ್‌ಲೆಟ್ ಸಾಲಿನ ಮೇಲೆ ಬೆರಳಿಡಲೇ ಇಲ್ಲ, ಪಿಸಿವಿ ಸಾಲಿನ ಮೇಲೆ ಇಟ್ಟರು. "ಇದು ಏರ್ತಾ ಇದೆಯಾ ನೋಡಿ ಹೇಳಿ. ಮೂತ್ರ ಎಷ್ಟು ಸಲ ಹೋದ್ರು ಬರೆದಿಡಿ" ಅಂದರು.

ಕಾರಣ ಇದು. ಡೆಂಗ್ಯೂವಿನಲ್ಲಿ ದೊಡ್ಡ ಅಪಾಯ ರಕ್ತನಾಳದ ಗೋಡೆ ಸೋರಲು ಶುರುವಾಗಿ ಪ್ಲಾಸ್ಮಾ ಹೊರಗೆ ಹೋಗುವುದು. ತಿಳಿ ಹೋದರೆ ಒಳಗೆ ಉಳಿಯುವುದು ಗಟ್ಟಿ ರಕ್ತ, ಆಗ ಪಿಸಿವಿ ಏರುತ್ತದೆ. ತನ್ನ ಮಾಮೂಲಿಗಿಂತ ಶೇಕಡಾ 20ರಷ್ಟು ಏರಿದರೆ, ಅಂದರೆ 36 ಇದ್ದದ್ದು 43 ಮುಟ್ಟಿದರೆ, ಸೋರಿಕೆ ಜೋರಾಗಿದೆ ಅಂತ ಅರ್ಥ. ಇದು ಆಗುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿನಲ್ಲಿ, ಮೂರನೇ ದಿನದಿಂದ ಏಳನೇ ದಿನದ ನಡುವೆ. ಜ್ವರ ಬಿಟ್ಟಿತು, ಇನ್ನೇನಿಲ್ಲ ಅಂತ ಮನೆಯವರು ನಿರಾಳವಾಗುವ ದಿನವೇ ಕಣ್ಣಿಟ್ಟು ಕಾಯಬೇಕಾದ ದಿನ. ಹೊಟ್ಟೆನೋವು ಜೋರಾದರೆ, ವಾಂತಿ ನಿಲ್ಲದಿದ್ದರೆ, ಒಸಡಿನಲ್ಲಿ ಮೂಗಿನಲ್ಲಿ ರಕ್ತ ಬಂದರೆ, ಮಂಕಾಗಿ ಮಲಗಿಬಿಟ್ಟರೆ, ಮೂತ್ರ ಕಮ್ಮಿಯಾದರೆ, ಪ್ಲೇಟ್‌ಲೆಟ್ ಎಷ್ಟೇ ಇರಲಿ, ಆಸ್ಪತ್ರೆಗೆ ಹೊರಡಿ.

ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬ್ರೂಫೆನ್, ಆಸ್ಪಿರಿನ್ ತರಹದ್ದು ಬೇಡವೇ ಬೇಡ. ಅವು ಪ್ಲೇಟ್‌ಲೆಟ್ ಕೆಲಸವನ್ನು ಕೆಡಿಸುತ್ತವೆ. ಬೇರೆ ಕಾಯಿಲೆಗೆ ಡಾಕ್ಟರ್ ಮೊದಲೇ ಆಸ್ಪಿರಿನ್ ಕೊಟ್ಟಿದ್ದರೆ ಅವರನ್ನು ಕೇಳಿಯೇ ನಿರ್ಧಾರ ಮಾಡಿ. ಎಳನೀರು, ಗಂಜಿ, ಮಜ್ಜಿಗೆ, ಓಆರ್‌ಎಸ್ ಕೊಡುತ್ತಾ ಇರಿ. ಪರಂಗಿ ಎಲೆ ರಸ ಕೊಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಏಳೆಂಟನೇ ದಿನಕ್ಕೆ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ, ಕುಡಿದವರಿಗೂ ಏರುತ್ತದೆ, ಕುಡಿಯದವರಿಗೂ ಏರುತ್ತದೆ. ಆ ಕಹಿ ಕುಡಿದು ವಾಂತಿ ಮಾಡಿ ಮೈಯ ನೀರೆಲ್ಲ ಕಳೆದುಕೊಂಡು ಬಂದವರನ್ನು ನೋಡಿದ್ದೇನೆ, ಅದಕ್ಕೇ ನಾನು ನಮ್ಮ ಅಮ್ಮನಿಗೆ ಕೊಡಲಿಲ್ಲ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ 10 ಸಾವಿರಕ್ಕಿಂತ ಕೆಳಗೆ ಹೋಗುವವರೆಗೆ ಪ್ಲೇಟ್‌ಲೆಟ್ ಏರಿಸುವ ಅಗತ್ಯ ಬರುವುದಿಲ್ಲ. ಅಮ್ಮನಿಗೆ 28 ಸಾವಿರಕ್ಕೆ ಇಳಿದು, ಏನೂ ಏರಿಸದೆ ವಾಪಸ್ ಬಂತು.

ಇನ್ನೊಂದು ಘಟನೆ ಹೇಳಿಬಿಡುತ್ತೇನೆ. ಒಬ್ಬ ಹುಡುಗ, ಜ್ವರ ಇಲ್ಲ ಏನಿಲ್ಲ, ಕೆಲಸಕ್ಕೆ ಸೇರುವ ಮುಂಚಿನ ಚೆಕಪ್ ಬೇರೆ ಕಡೆ ಮಾಡಿಸಿದ್ದ, ಪ್ಲೇಟ್‌ಲೆಟ್ 22 ಸಾವಿರ ಅಂತ ಬಂದಿತ್ತು. ಅವರಮ್ಮ ಅಳುತ್ತಾ ಕರೆದುಕೊಂಡು ಬಂದಿದ್ದರು. ಸ್ಲೈಡ್ ಮಾಡಿ ನೋಡಿದೆ. ಗಾಜಿಗೆ ಹಚ್ಚಿದ ರಕ್ತ ಬಾಲದ ಹಾಗೆ ತೆಳುವಾಗುವ ತುದಿಯಲ್ಲಿ ಪ್ಲೇಟ್‌ಲೆಟ್‌ಗಳು ಸಾಬುದಾನಿ ಅಂಟಿಕೊಂಡ ಹಾಗೆ ಗುಂಪು ಗುಂಪಾಗಿ ಬಿದ್ದಿದ್ದವು. ಕೆಲವರ ರಕ್ತದಲ್ಲಿ ಆ ನೇರಳೆ ಕೊಳವೆಯ ಇಡಿಟಿಎ ತಾಗಿದರೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮೆಷಿನ್ ಒಂದು ಗುಂಪನ್ನು ಸರಿಯಾಗಿ ಎಣಿಸಲಾರದು. ತಿಳಿನೀಲಿ ಮುಚ್ಚಳದ ಸಿಟ್ರೇಟ್ ಕೊಳವೆಯಲ್ಲಿ ಮತ್ತೆ ತೆಗೆದು ಹಾಕಿದೆ, 1.9 ಲಕ್ಷ. ಮೈಯಲ್ಲಿ ಏನೂ ಲಕ್ಷಣ ಇಲ್ಲದೆ ಪ್ಲೇಟ್‌ಲೆಟ್ ತೀರಾ ಕಮ್ಮಿ ಬಂದರೆ "ಸ್ಮಿಯರ್ ನೋಡಿದ್ದೀರಾ?" ಅಂತ, ಅಂದರೆ ಸ್ಲೈಡಿನ ಮೇಲೆ ಹಚ್ಚಿ ನೋಡಿದ್ದೀರಾ ಅಂತ, ಲ್ಯಾಬಿನವರನ್ನು ಕೇಳಿ. ಕೇಳುವ ಹಕ್ಕು ನಿಮಗಿದೆ.

6. ಸಿಬಿಸಿ ಹೇಳದೆ ಇರುವುದು: ಪ್ಲಾಸ್ಮಾ

ಸಿಬಿಸಿ ಕಣಗಳ ಲೆಕ್ಕ ಮಾತ್ರ. ಮೇಲಿನ ತಿಳಿಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಪ್ಲಾಸ್ಮಾದಲ್ಲಿ ಶೇಕಡಾ 90ಕ್ಕೂ ಜಾಸ್ತಿ ನೀರು, ಉಳಿದದ್ದರಲ್ಲಿ ಪ್ರೋಟೀನ್, ಉಪ್ಪು, ಸಕ್ಕರೆ, ಕೊಬ್ಬು, ಹಾರ್ಮೋನ್, ಮತ್ತೆ ಕಿಡ್ನಿಗೆ ಹೊರಟ ಯೂರಿಯಾ ತರಹದ ಕಸ. ಲಿವರ್ ಮಾಡುವ ಆಲ್ಬುಮಿನ್ ನೀರನ್ನು ರಕ್ತನಾಳದ ಒಳಗೇ ಹಿಡಿದಿಡುತ್ತದೆ, ಅದು ತೀರಾ ಕಮ್ಮಿಯಾದರೆ ಕಾಲು ಊದಿಕೊಳ್ಳುತ್ತದೆ. ಗ್ಲೋಬುಲಿನ್‌ಗಳಲ್ಲಿ ಸೋಂಕಿನ ವಿರುದ್ಧದ ಪ್ರತಿಕಾಯಗಳಿವೆ. ಕೊಬ್ಬು ಜಾಸ್ತಿ ಇರುವವರ ಪ್ಲಾಸ್ಮಾ ತಿಳಿಯಾಗಿರುವುದೇ ಇಲ್ಲ, ಹಾಲು ಬೆರೆಸಿದ ಹಾಗೆ ಬೆಳ್ಳಗೆ ಕಾಣುತ್ತದೆ.

ಆದ್ದರಿಂದ ಸಿಬಿಸಿ ನಾರ್ಮಲ್ ಬಂತು ಅಂದರೆ ಶುಗರ್, ಕಿಡ್ನಿ, ಲಿವರ್, ಥೈರಾಯ್ಡ್ ಎಲ್ಲ ನಾರ್ಮಲ್ ಅಂತ ಅಲ್ಲ. ಅವಕ್ಕೆ ಬೇರೆ ಕೊಳವೆ, ಬೇರೆ ಪರೀಕ್ಷೆ.

7. ಗುಂಪು ತಿಳಿದಿರಲಿ, ಆಗುವುದಾದರೆ ಕೊಡಿ

ಎ, ಬಿ, ಒ ಗುಂಪುಗಳನ್ನು 1901ರಲ್ಲಿ ಜಗತ್ತಿಗೆ ತಿಳಿಸಿದವರು ಕಾರ್ಲ್ ಲ್ಯಾಂಡ್‌ಸ್ಟೈನರ್. ಕೆಂಪು ಕಣದ ಮೈಮೇಲಿನ ಗುರುತೇ ಗುಂಪು. ಪಾಸಿಟಿವ್ ನೆಗೆಟಿವ್ ಅನ್ನುವುದು ಆರ್‌ಎಚ್ ಅನ್ನುವ ಇನ್ನೊಂದು ಗುರುತು. ನೆಗೆಟಿವ್ ಗುಂಪಿನ ಬಸುರಿಯರು, ಗಂಡ ಪಾಸಿಟಿವ್ ಆಗಿದ್ದರೆ, ಮೊದಲ ಭೇಟಿಯಲ್ಲೇ ಡಾಕ್ಟರಿಗೆ ಹೇಳಬೇಕು. ಏಳನೇ ತಿಂಗಳ ಹೊತ್ತಿಗೆ ಒಂದು ಇಂಜೆಕ್ಷನ್, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಇದು ತಪ್ಪಿದರೆ ಮುಂದಿನ ಮಗುವಿಗೆ ತೊಂದರೆ ಆಗಬಹುದು.

ಒ ಪಾಸಿಟಿವ್ ಅಂತ ಅಂದುಕೊಂಡವರಲ್ಲಿ ತೀರಾ ಅಪರೂಪಕ್ಕೆ ಒಬ್ಬರು ಬಾಂಬೆ ಗುಂಪಿನವರಾಗಿರುತ್ತಾರೆ. 1952ರಲ್ಲಿ ಡಾ. ವೈ.ಎಂ. ಭೆಂಡೆ ಅವರ ತಂಡ ಮುಂಬೈಯಲ್ಲಿ ಗುರುತಿಸಿದ್ದು. ಇವರಿಗೆ ಒ ಗುಂಪಿನ ರಕ್ತವೂ ಆಗುವುದಿಲ್ಲ, ಬಾಂಬೆ ಗುಂಪಿನದೇ ಬೇಕು. ರಕ್ತ ಏರಿಸುವ ಮುಂಚೆ ಗುಂಪು ಗೊತ್ತಿದ್ದರೂ ಮತ್ತೆ ಕ್ರಾಸ್ ಮ್ಯಾಚ್ (ಕೊಡುವವರ, ಪಡೆಯುವವರ ರಕ್ತ ಹೊಂದುತ್ತದಾ ಅಂತ ಬೆರೆಸಿ ನೋಡುವುದು) ಮಾಡುವುದು ಇಂಥವರಿಗೋಸ್ಕರವೂ ಹೌದು.

ಕೊಡಲು 18ರಿಂದ 65 ವಯಸ್ಸು, ಕನಿಷ್ಠ 45 ಕೆಜಿ ತೂಕ, ಎಚ್‌ಬಿ 12.5 ಇರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಒಂದು ಚೀಲ ರಕ್ತವನ್ನು ಮೊದಲು ನೋಡಿದ ಕೊಳವೆಯ ಹಾಗೆಯೇ ತಿರುಗಿಸಿ ಬೇರೆ ಮಾಡುತ್ತಾರೆ. ಕೆಂಪು ಕಣ ಫ್ರಿಜ್ಜಿನಲ್ಲಿ 35ರಿಂದ 42 ದಿನ ಇರುತ್ತದೆ, ಪ್ಲಾಸ್ಮಾವನ್ನು ಮಂಜುಗಡ್ಡೆಯ ಹಾಗೆ ಫ್ರೀಜ್ ಮಾಡಿ ಒಂದು ವರ್ಷ ಇಡಬಹುದು. ಪ್ಲೇಟ್‌ಲೆಟ್ ಮಾತ್ರ ಐದೇ ದಿನ, ಅದೂ 22 ಡಿಗ್ರಿಯ ಆಸುಪಾಸಿನಲ್ಲಿ, ಸದಾ ತೂಗುತ್ತಾ ಇರುವ ತಟ್ಟೆಯ ಮೇಲೆ. ಹಾಗಾಗಿ ಡೆಂಗ್ಯೂ ತಿಂಗಳಲ್ಲಿ ಬೇಕಾಗುವ ಪ್ಲೇಟ್‌ಲೆಟ್ ಅನ್ನು ಬೇಸಿಗೆಯಲ್ಲೇ ಕೂಡಿಡಲು ಆಗುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಕೊಟ್ಟವರದೇ ಬೇಕು.

8. ಮತ್ತೆ ಯಾವಾಗ ಮಾಡಿಸಬೇಕು

ಐರನ್ ಮಾತ್ರೆ ಶುರು ಮಾಡಿದ್ದರೆ ವಾರಕ್ಕೊಮ್ಮೆ ಸಿಬಿಸಿ ಮಾಡಿಸಿ ದುಡ್ಡು ಹಾಳು ಮಾಡಬೇಡಿ, ನಾಲ್ಕು ವಾರ ಬಿಡಿ. ಮಾತ್ರೆ ಹಿಡಿಸಿದ್ದರೆ ಅಷ್ಟರಲ್ಲಿ ಎಚ್‌ಬಿ ಒಂದು ಗ್ರಾಮಿನಷ್ಟಾದರೂ ಏರಿರುತ್ತದೆ. ಎಚ್‌ಬಿ ಸರಿಯಾಯಿತು ಅಂತ ಅವತ್ತೇ ಮಾತ್ರೆ ನಿಲ್ಲಿಸುವವರು ಬಹಳ. ಮೈಯ ಕಬ್ಬಿಣದ ಉಗ್ರಾಣ ತುಂಬಲು ಇನ್ನೂ ಎರಡು ಮೂರು ತಿಂಗಳು ಬೇಕು, ಫೆರಿಟಿನ್ ಪರೀಕ್ಷೆಯಲ್ಲಿ ಅದು ತಿಳಿಯುತ್ತದೆ. ಡೆಂಗ್ಯೂ ಇದ್ದರೆ ಆ ಅಪಾಯದ ದಿನಗಳಲ್ಲಿ ದಿನಕ್ಕೊಂದು ಸಿಬಿಸಿ, ಅಥವಾ ಡಾಕ್ಟರ್ ಹೇಳಿದಷ್ಟು ಸಲ.

ಶುಗರ್ ಇರುವವರು ಮಾಡಿಸುವ ಎಚ್‌ಬಿಎ1ಸಿ ಮೂರು ತಿಂಗಳಿಗೊಮ್ಮೆ ಯಾಕೆ ಅಂತ ಈಗ ನಿಮಗೇ ಹೊಳೆದಿರಬೇಕು. ಕೆಂಪು ಕಣದ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಅನ್ನುವ ಲೆಕ್ಕ ಅದು, ಆ ಕಣ ಬದುಕುವುದೇ 120 ದಿನ. ರಕ್ತಹೀನತೆ ಇದ್ದವರಲ್ಲಿ, ಇತ್ತೀಚೆಗೆ ರಕ್ತ ಏರಿಸಿಕೊಂಡವರಲ್ಲಿ ಈ ಲೆಕ್ಕ ತಪ್ಪಾಗಿ ಬರಬಹುದು, ಆ ವಿಷಯ ಡಾಕ್ಟರಿಗೆ ಮರೆಯದೆ ಹೇಳಿ.

ಆಮೇಲೆ, ಸಾಧ್ಯವಾದರೆ ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಮೆಷಿನ್ ಬೇರೆಯಾದರೆ ಸಣ್ಣಪುಟ್ಟ ವ್ಯತ್ಯಾಸ ಬರುತ್ತದೆ, ಅದನ್ನೇ ರೋಗ ಅಂದುಕೊಳ್ಳುತ್ತೀರಿ. ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫೈಲ್ ಮಾಡಿ, ತಾರೀಖಿನ ಪ್ರಕಾರ ಜೋಡಿಸಿ, ಮೇಲೆ ರಕ್ತದ ಗುಂಪು ದಪ್ಪಗೆ ಬರೆಯಿರಿ. ಡಾಕ್ಟರ್ ಹತ್ತಿರ ಹೋಗುವಾಗ ಬರೀ ಇವತ್ತಿನ ಹಾಳೆ ಹಿಡಿದುಕೊಂಡು ಹೋಗಬೇಡಿ, ಆ ಫೈಲ್ ತೆಗೆದುಕೊಂಡು ಹೋಗಿ.